ಉಪ್ಪು ನೀರು ಮುಳುಗಿಸಲ್ಲ, ಉಪ್ಪು ಬದುಕಿಸುತ್ತೆ: ನೇತ್ರಾಣಿ ಪ್ರವಾಸದ ಫಾರ್ವರ್ಡ್‌ಗಳಲ್ಲಿ ನಿಜವೆಷ್ಟು?

ದಸರಾ ರಜೆ ಹತ್ತಿರ ಬಂತೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಟೆಂಪೋ ಟ್ರಾವೆಲರ್ ಲೆಕ್ಕಾಚಾರ ಶುರುವಾಗುತ್ತದೆ. ಜೋಗ ದಾಟಿ, ಗೇರುಸೊಪ್ಪೆ ಘಾಟಿ ಇಳಿದು ಹೊನ್ನಾವರ, ಅಲ್ಲಿಂದ ಮುರುಡೇಶ್ವರ. ಮರುದಿನ ಬೆಳಗ್ಗೆ ದೋಣಿ ಹತ್ತಿ ನೇತ್ರಾಣಿ ದ್ವೀಪ. ಅಲ್ಲಿ ಸ್ನಾರ್ಕೆಲಿಂಗ್, ದೋಣಿಯಲ್ಲಿ ಹಾಡು ಕುಣಿತ, ಮಧ್ಯಾಹ್ನ ದಡಕ್ಕೆ ಬಂದು ಮೀನೂಟ. ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’ಯಲ್ಲಿ ನೇತ್ರಾಣಿಯನ್ನು ನೋಡಿದವರಿಗೆ ಈ ಆಸೆ ಇನ್ನೂ ಜಾಸ್ತಿ.

ಪ್ಲಾನ್ ಜೊತೆಗೆ ಫಾರ್ವರ್ಡ್ ಕೂಡ ಬರುತ್ತದೆ. ಸಾಗರದ ಓದುಗರೊಬ್ಬರು ತಮ್ಮ ಗುಂಪಿಗೆ ಬಂದ ಇಂಥದ್ದೊಂದು ಮೆಸೇಜನ್ನು ನಮಗೆ ಕಳಿಸಿ, ಇದರಲ್ಲಿ ನಿಜವೆಷ್ಟು ಎಂದು ಕೇಳಿದ್ದರು. ಅದರ ಸಾರ ಇಷ್ಟು: ಸಮುದ್ರದ ಉಪ್ಪು ನೀರಿನಲ್ಲಿ ಮನುಷ್ಯ ಮುಳುಗುವುದಿಲ್ಲ. ಈಜು ಬರುವವರಿಗೆ ಲೈಫ್ ಜಾಕೆಟ್ ಬೇಡ. ಒಂದು ಪೆಗ್ ಹಾಕಿದರೆ ಚಳಿಯೂ ಇಲ್ಲ, ವಾಂತಿಯೂ ಇಲ್ಲ. ಕೊನೆಯದು: ಯಾರಾದರೂ ಮುಳುಗಿ ಸತ್ತರೆ ಮೈತುಂಬಾ ಉಪ್ಪು ಮುಚ್ಚಿಡಿ, ಕೆಲವೇ ಗಂಟೆಯಲ್ಲಿ ಜೀವ ಬರುತ್ತದೆ.

ಮೊದಲ ಮೂರನ್ನು ಓದಿ ನಕ್ಕೆವು. ನಾಲ್ಕನೆಯದನ್ನು ನಂಬಿ ಮಕ್ಕಳ ಶವದ ಮುಂದೆ ಗಂಟೆಗಟ್ಟಲೆ ಕಾದು ಕುಳಿತ ಕುಟುಂಬಗಳು ನಮ್ಮ ರಾಜ್ಯದಲ್ಲೇ ಇವೆ. ಅದಕ್ಕೆ ಆಮೇಲೆ ಬರುತ್ತೇವೆ.

ಉಪ್ಪು ನೀರು ನಿಜಕ್ಕೂ ತೇಲಿಸುತ್ತದೆಯೇ?

ಸ್ವಲ್ಪ ತೇಲಿಸುತ್ತದೆ. ಆದರೆ ಎಷ್ಟು ಎಂಬುದೇ ಮುಖ್ಯ. ಒಂದು ಲೀಟರ್ ಸಿಹಿನೀರು ಒಂದು ಕಿಲೋ ತೂಗಿದರೆ, ಒಂದು ಲೀಟರ್ ಸಮುದ್ರದ ನೀರು ಸುಮಾರು 1.025 ಕಿಲೋ ತೂಗುತ್ತದೆ. ಅಂದರೆ ಶೇ 2.5ರಷ್ಟು ಹೆಚ್ಚು. 70 ಕಿಲೋ ತೂಕದ ವ್ಯಕ್ತಿಗೆ ಹೊಳೆಯಲ್ಲಿ ಸಿಗುವುದಕ್ಕಿಂತ ಸಮುದ್ರದಲ್ಲಿ ಸಿಗುವ ಹೆಚ್ಚುವರಿ ಆಸರೆ ಒಂದೂಮುಕ್ಕಾಲು ಕಿಲೋದಷ್ಟು. ನಮ್ಮ ತಲೆಯೊಂದೇ ನಾಲ್ಕೂವರೆಯಿಂದ ಐದು ಕಿಲೋ ಇರುತ್ತದೆ. ಉಸಿರಾಡಲು ಬಾಯಿ, ಮೂಗು ನೀರಿನ ಮೇಲಿರಬೇಕು, ಅಲೆ ಬಂದಾಗಲೂ ಮೇಲಿರಬೇಕು. ಒಂದೂಮುಕ್ಕಾಲು ಕಿಲೋದಿಂದ ಅದು ಆಗುವ ಕೆಲಸವಲ್ಲ.

ಪೇಪರ್ ಓದುತ್ತಾ ನೀರಿನ ಮೇಲೆ ಮಲಗಿರುವವರ ಆ ಫೋಟೋ ಇಸ್ರೇಲ್ ಮತ್ತು ಜೋರ್ಡಾನ್ ನಡುವಿನ ಮೃತ ಸಮುದ್ರದ್ದು. ಅಲ್ಲಿನ ಉಪ್ಪಿನಂಶ ಶೇ 30ಕ್ಕೂ ಹೆಚ್ಚು. ಅರಬ್ಬಿ ಸಮುದ್ರದಲ್ಲಿರುವುದು ಶೇ 3.5ರ ಆಸುಪಾಸು. ಫೋಟೋ ಸುಳ್ಳಲ್ಲ, ಸಮುದ್ರ ಬೇರೆ.

ಲೈಫ್ ಜಾಕೆಟ್ ಇದೇ ಲೆಕ್ಕವನ್ನು ಸರಿಪಡಿಸುತ್ತದೆ. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ದೊಡ್ಡವರ ಜಾಕೆಟ್‌ಗಳಲ್ಲಿ ಹಲವು ಮಟ್ಟಗಳಿವೆ. ‘50’ ಎಂದಿದ್ದರೆ ಸುಮಾರು 5 ಕಿಲೋ ಎತ್ತುವ ಶಕ್ತಿ, ‘100’ ಎಂದಿದ್ದರೆ ಸುಮಾರು 10 ಕಿಲೋ. 50ರದ್ದು ಎಚ್ಚರ ಇರುವವರನ್ನು ತೇಲಿಸುತ್ತದೆ, ಅಷ್ಟೇ. ಪ್ರಜ್ಞೆ ತಪ್ಪಿದವರ ಮುಖವನ್ನು ಮೇಲಕ್ಕೆ ತಿರುಗಿಸುವ ರೀತಿಯಲ್ಲಿ ಮಾಡಿರುವುದು 100 ಮತ್ತು ಅದಕ್ಕಿಂತ ಮೇಲಿನವನ್ನು. ಮಲೆನಾಡಿನವರಿಗೆ ಇದು ಹೊಸ ವಿಷಯವೇನಲ್ಲ. ಬಾಳೆದಿಂಡು ತಬ್ಬಿಕೊಂಡೋ, ಒಣಗಿದ ಸೋರೆಬುರುಡೆ ಸೊಂಟಕ್ಕೆ ಕಟ್ಟಿಕೊಂಡೋ ಈಜು ಕಲಿತವರು ನಮ್ಮ ಮನೆಗಳಲ್ಲೇ ಇದ್ದಾರೆ. ಜಾಕೆಟ್ ಮಾಡುವುದೂ ಅದನ್ನೇ. ಒಂದೇ ವ್ಯತ್ಯಾಸವೆಂದರೆ, ಕೈಬಿಟ್ಟರೆ ಬಾಳೆದಿಂಡು ತೇಲಿಹೋಗುತ್ತದೆ, ಬಕಲ್ ಹಾಕಿದ ಜಾಕೆಟ್ ಹೋಗುವುದಿಲ್ಲ. ಬಕಲ್ ಹಾಕದೆ ಹೆಗಲಿಗೆ ಸುಮ್ಮನೆ ತೂಗುಹಾಕಿಕೊಂಡ ಜಾಕೆಟ್ ಮಾತ್ರ ಬಾಳೆದಿಂಡಿಗಿಂತಲೂ ಕಡೆ. ಹಾಕಿಕೊಂಡ ಮೇಲೆ ಪಕ್ಕದವರಿಗೆ ಹೆಗಲ ಹತ್ತಿರ ಹಿಡಿದು ಮೇಲಕ್ಕೆ ಎಳೆಯಲು ಹೇಳಿ. ಅದು ಕಿವಿಯವರೆಗೆ ಬಂದರೆ ಸಡಿಲವಾಗಿದೆ ಎಂದರ್ಥ.

ಈಜು ಬರುವವರಿಗೂ ಬೇಕೇ? ತುಂಗೆಯಲ್ಲೋ, ಊರ ಕೆರೆಯಲ್ಲೋ ಈಜಿ ಬೆಳೆದವರಿಗೆ ಈ ಪ್ರಶ್ನೆ ಬರುವುದು ಸಹಜ. ಆದರೆ ಕೆರೆಯಲ್ಲಿ ಸುಸ್ತಾದರೆ ನಾಲ್ಕು ಕೈ ಹೊಡೆದರೆ ದಡ. ನೇತ್ರಾಣಿ ಇರುವುದು ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ತೆರೆದ ಸಮುದ್ರದಲ್ಲಿ. ಅಲ್ಲಿ ಮುಟ್ಟಬಹುದಾದ ದಡ ಎಂದರೆ ದೋಣಿಯೇ. ಸೆಳೆತಕ್ಕೆ ಎದುರಾಗಿ ಈಜಿದರೆ ಎಂಥ ಈಜುಗಾರನ ತೋಳೂ ಸೋಲುತ್ತದೆ.

ಕೊಳವೆಯೊಳಗಿನ ಉಸಿರು

ಚಿಕ್ಕವರಿದ್ದಾಗ ಪಪ್ಪಾಯಿ ಎಲೆಯ ದಂಟನ್ನು ಬಾಯಲ್ಲಿಟ್ಟುಕೊಂಡು ನೀರೊಳಗೆ ಕೂರಲು ನೋಡಿದವರಿಗೆ ಸ್ನಾರ್ಕೆಲ್‌ನ ಅರ್ಧ ವಿಜ್ಞಾನ ಆಗಲೇ ಗೊತ್ತು. ಸ್ವಲ್ಪ ಆಳಕ್ಕೆ ಹೋದರೂ ಗಾಳಿ ಎಳೆಯಲು ಆಗುವುದೇ ಇಲ್ಲ. ಒಂದು ಮೀಟರ್ ಆಳದಲ್ಲಿ ನೀರು ಪ್ರತಿ ಚದರ ಸೆಂಟಿಮೀಟರ್ ಮೇಲೂ 100 ಗ್ರಾಂ ಭಾರ ಹೇರುತ್ತದೆ. ಎದೆಯ ಮುಂಭಾಗ 600 ಚದರ ಸೆಂಟಿಮೀಟರ್ ಎಂದುಕೊಂಡರೂ 60 ಕಿಲೋ ಆಯಿತು. ಎದೆಯ ಮೇಲೆ ಸಿಮೆಂಟ್ ಮೂಟೆ ಹೊತ್ತು ಉಸಿರೆಳೆದ ಹಾಗೆ. ಸ್ನಾರ್ಕೆಲ್ ಕೊಳವೆ ಒಂದಡಿಯಷ್ಟೇ ಇರುವುದು ಇದಕ್ಕೇ.

ಉಳಿದರ್ಧ ಹೆಚ್ಚಿನವರಿಗೆ ಯಾರೂ ಹೇಳಿರುವುದಿಲ್ಲ. ಸಾಮಾನ್ಯವಾಗಿ ನಾವು ಒಂದು ಸಲಕ್ಕೆ ಅರ್ಧ ಲೀಟರ್ ಗಾಳಿ ಎಳೆದುಕೊಳ್ಳುತ್ತೇವೆ. ಅದರಲ್ಲಿ ಸುಮಾರು 150 ಮಿಲಿಲೀಟರ್ ಗಂಟಲು, ಶ್ವಾಸನಾಳದಲ್ಲೇ ಉಳಿದು ಹೊರಗೆ ಹೋಗುತ್ತದೆ. ಕೊಳವೆ ಸೇರಿದರೆ ಈ ವ್ಯರ್ಥ ಜಾಗ ಇನ್ನಷ್ಟು ಹೆಚ್ಚುತ್ತದೆ. ಆಗ ಗಾಬರಿಯಿಂದ ಚಿಕ್ಕ ಚಿಕ್ಕ ಉಸಿರು ತೆಗೆದರೆ, ಬಿಟ್ಟ ಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತಿರುತ್ತೇವೆ. ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತದೆ, ಅದರಿಂದ ಗಾಬರಿ ಇನ್ನೂ ಹೆಚ್ಚುತ್ತದೆ. ನಿಧಾನವಾಗಿ, ದೀರ್ಘವಾಗಿ ಉಸಿರಾಡಿ ಎಂದು ಗೈಡ್ ಹೇಳುವುದರ ಕಾರಣ ಇದು. ಏದುಸಿರು ಬರುತ್ತಿದೆ ಅನ್ನಿಸಿದ ಕೂಡಲೇ ತಲೆ ಎತ್ತಿ, ಮಾಸ್ಕ್ ತೆಗೆದು, ಕೈ ಎತ್ತಿ ಕರೆಯಬೇಕು. ಹೃದಯ, ಶ್ವಾಸಕೋಶ, ಬಿ.ಪಿ. ತೊಂದರೆ ಇರುವವರು ಹೊರಡುವ ಮೊದಲೇ ಡಾಕ್ಟರನ್ನು ಕೇಳುವುದು ಒಳ್ಳೆಯದು.

ಮುಳುಗುವ ಮುಂಚೆ ಬೇಗ ಬೇಗ ಹತ್ತು ಸಲ ಉಸಿರಾಡಿದರೆ ನೀರೊಳಗೆ ಜಾಸ್ತಿ ಹೊತ್ತು ಇರಬಹುದು ಎಂಬ ರೀಲ್ಸ್ ಕೂಡ ಓಡಾಡುತ್ತಿದೆ. ಇದು ತುಂಬಾ ಅಪಾಯಕಾರಿ. ಉಸಿರು ತೆಗೆಯಲೇಬೇಕು ಎಂಬ ಒತ್ತಡ ಬರುವುದು ಮುಖ್ಯವಾಗಿ ಇಂಗಾಲದ ಡೈಆಕ್ಸೈಡ್ ಹೆಚ್ಚಾದಾಗ. ಹತ್ತು ಸಲ ಬೇಗ ಉಸಿರಾಡಿದರೆ ಆಮ್ಲಜನಕ ಹೇಳಿಕೊಳ್ಳುವಷ್ಟು ಹೆಚ್ಚುವುದಿಲ್ಲ, ಇಂಗಾಲದ ಡೈಆಕ್ಸೈಡ್ ಮಾತ್ರ ಕಡಿಮೆಯಾಗುತ್ತದೆ. ಅಂದರೆ ಪೆಟ್ರೋಲ್ ತುಂಬಿಸಿಲ್ಲ, ರಿಸರ್ವ್ ಲೈಟ್ ಮಾತ್ರ ಕಿತ್ತುಹಾಕಿದ್ದೇವೆ. ಆಮ್ಲಜನಕ ಮುಗಿದು, ಯಾವ ಮುನ್ಸೂಚನೆಯೂ ಇಲ್ಲದೆ ನೀರೊಳಗೇ ಪ್ರಜ್ಞೆ ತಪ್ಪುತ್ತದೆ.

ಪೆಗ್, ಡಾನ್ಸ್, ದೋಣಿ

ಮದ್ಯ ಕುಡಿದರೆ ಬೆಚ್ಚಗಾಗುವುದು ಚರ್ಮಕ್ಕೆ ಮಾತ್ರ. ಚರ್ಮದ ರಕ್ತನಾಳಗಳು ಹಿಗ್ಗಿ ಒಳಗಿನ ಶಾಖ ಹೊರಗೆ ಹೋಗುತ್ತದೆ. ವಾಂತಿ ವಿಷಯದಲ್ಲಂತೂ ಫಾರ್ವರ್ಡ್ ಪೂರಾ ಉಲ್ಟಾ. ನಮ್ಮ ಒಳಕಿವಿಯಲ್ಲಿ ಸಮತೋಲನ ನೋಡಿಕೊಳ್ಳುವ ಪುಟ್ಟ ಭಾಗವೊಂದು ದ್ರವದ ನಡುವೆ ಇರುತ್ತದೆ. ರಕ್ತದ ಮೂಲಕ ಮದ್ಯ ಮೊದಲು ಆ ಭಾಗ ಸೇರಿ ಅದನ್ನು ಸುತ್ತಲ ದ್ರವಕ್ಕಿಂತ ಹಗುರ ಮಾಡುತ್ತದೆ. ಆಗ ಕದಲದೆ ಮಲಗಿದ್ದರೂ ಲೋಕ ತಿರುಗಿದಂತೆ ಅನ್ನಿಸುತ್ತದೆ. ಕುಡಿದವರಿಗೆ ಕೋಣೆ ತಿರುಗುವುದು ಹೀಗೆ. ಅದರ ಮೇಲೆ ಅಲೆಯ ಓಲಾಟವೂ ಸೇರಿದರೆ? ನೀರೊಳಗೆ ಮೇಲೆ ಯಾವುದು, ಕೆಳಗೆ ಯಾವುದು ಎಂಬುದೇ ತಪ್ಪಿಹೋಗಬಹುದು.

ಊಟ ಮಾಡಿ ನೀರಿಗಿಳಿದರೆ ಮುಳುಗುತ್ತಾರೆ ಎಂಬುದಕ್ಕೆ ಆಧಾರವಿಲ್ಲ. ಆದರೂ ಹೊಟ್ಟೆ ಬಿರಿಯುವಷ್ಟು ತಿಂದು ದೋಣಿ ಹತ್ತುವುದು ಬೇಡ. ಎರಡು ಇಡ್ಲಿ ಸಾಕು.

ಕುಣಿತದ ಬಗ್ಗೆ ಒಂದು ಮಾತು. ದೋಣಿ ನೆಟ್ಟಗೆ ನಿಲ್ಲಲು ಭಾರ ಕೆಳಗಿರಬೇಕು. ಎಲ್ಲರೂ ಎದ್ದು ನಿಂತರೆ ಭಾರದ ಕೇಂದ್ರ ಮೇಲೇರುತ್ತದೆ. ಡಾಲ್ಫಿನ್ ಕಂಡಿತೆಂದು ಮೊಬೈಲ್ ಹಿಡಿದು ಎಲ್ಲರೂ ಒಂದೇ ಬದಿಗೆ ಹೋದರೆ ಪಕ್ಕಕ್ಕೂ ಸರಿಯುತ್ತದೆ. ಅದೇ ಹೊತ್ತಿಗೆ ದೊಡ್ಡ ಅಲೆಯೊಂದು ಅಡ್ಡ ಬಂದರೆ ಮುಗಿಯಿತು. ನಮ್ಮ ಕರಾವಳಿಗೆ ಇದು ಬರೀ ಲೆಕ್ಕದ ಮಾತಲ್ಲ. 2019ರ ಜನವರಿ 21ರಂದು ಕಾರವಾರದ ಬಳಿ ಕೂರ್ಮಗಡದ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ತೀರಿಕೊಂಡರು. ಮಿತಿಗಿಂತ ಹೆಚ್ಚು ಜನ ಹತ್ತಿದ್ದರೆಂದು ಆಗ ವರದಿಯಾಗಿತ್ತು. ಆ ದೋಣಿಯಲ್ಲಿ ಪಾರ್ಟಿಯೇನೂ ನಡೆದಿರಲಿಲ್ಲ.

ಮುಳುಗುವವರು ಕೂಗುವುದಿಲ್ಲ

ಸಿನಿಮಾದಲ್ಲಿ ಮುಳುಗುವವರು ‘ಕಾಪಾಡಿ’ ಎಂದು ಕೂಗುತ್ತಾರೆ, ಕೈ ಬೀಸುತ್ತಾರೆ. ನಿಜದಲ್ಲಿ ಹಾಗಾಗುವುದು ಕಡಿಮೆ. ಬಾಯಿ ನೀರಿನ ಮೇಲೆ ಬರುವ ಒಂದೆರಡು ಕ್ಷಣ ಉಸಿರೆಳೆಯಲೇ ಸಾಲದು, ಕೂಗುವುದೆಲ್ಲಿ? ಕೈಗಳು ತಾವಾಗಿಯೇ ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ, ಬೀಸಲು ಬಿಡುವಿರುವುದಿಲ್ಲ. ಪಕ್ಕದಲ್ಲಿ ಹಾಡು ಜೋರಾಗಿದ್ದರೆ ಇದು ಯಾರ ಗಮನಕ್ಕೂ ಬರದೆ ಒಂದು ನಿಮಿಷದೊಳಗೆ ಮುಗಿದುಹೋಗಬಹುದು. ಸ್ನಾರ್ಕೆಲ್ ಹಾಕಿದವರದ್ದು ಇನ್ನೂ ಕಷ್ಟ. ಮುಖ ಕೆಳಗೆ ಮಾಡಿ ಅಲುಗಾಡದೆ ತೇಲುತ್ತಿರುವವರು ಮೀನು ನೋಡುತ್ತಿದ್ದಾರೋ, ಪ್ರಜ್ಞೆ ತಪ್ಪಿದ್ದಾರೋ ದೋಣಿಯಿಂದ ಗೊತ್ತಾಗುವುದಿಲ್ಲ. ಹಾಗಾಗಿ ಇಬ್ಬಿಬ್ಬರ ಜೋಡಿ ಮಾಡಿಕೊಳ್ಳಿ. ಒಬ್ಬರು ಇಳಿದಾಗ ಇನ್ನೊಬ್ಬರು ಅವರನ್ನೇ ನೋಡುತ್ತಿರಲಿ, ಕೊಳವೆಯ ತುದಿ ನೀರಿನ ಮೇಲಿದೆಯೇ ಎಂದು ಗಮನಿಸಲಿ.

ಈಗ ಉಪ್ಪಿನ ವಿಷಯ

2022ರ ಸೆಪ್ಟೆಂಬರ್‌ನಲ್ಲಿ ಬಳ್ಳಾರಿ ತಾಲ್ಲೂಕಿನ ಸಿರವಾರದಲ್ಲಿ ನೀರಲ್ಲಿ ಮುಳುಗಿ ಸತ್ತ ಬಾಲಕನ ಶವವನ್ನು, ಸಾಮಾಜಿಕ ಜಾಲತಾಣದ ಪೋಸ್ಟ್ ನಂಬಿ, ಉಪ್ಪಿನ ರಾಶಿಯಲ್ಲಿಟ್ಟು ಗಂಟೆಗಟ್ಟಲೆ ಕಾದರು. 2023ರ ಡಿಸೆಂಬರ್‌ನಲ್ಲಿ ಹಾವೇರಿ ಜಿಲ್ಲೆಯಲ್ಲಿ ಕೆರೆಗೆ ಬಿದ್ದ ಇಬ್ಬರು ಹುಡುಗರ ವಿಷಯದಲ್ಲೂ ಹೀಗೇ ಆಯಿತು. ಆ ಮನೆಯವರನ್ನು ದಡ್ಡರೆನ್ನಲು ನಮಗೆ ಮನಸ್ಸಿಲ್ಲ. ಮಗು ಕಣ್ಣ ಮುಂದೆ ಮಲಗಿರುವಾಗ, ಯಾರೋ ಮೊಬೈಲ್ ತೋರಿಸಿ ಬದುಕುತ್ತಾನೆ ಎಂದರೆ ಯಾರು ತಾನೇ ನಂಬಲು ನೋಡುವುದಿಲ್ಲ?

ಈ ಮೆಸೇಜ್ ನಿಜವೆನಿಸಲು ಕಾರಣವಿದೆ. ಉಪ್ಪು ನೀರನ್ನು ಎಳೆಯುವುದನ್ನು ನಾವೆಲ್ಲ ಅಡುಗೆಮನೆಯಲ್ಲೇ ನೋಡಿದ್ದೇವೆ. ಅಪ್ಪೆಮಿಡಿಯನ್ನು ಉಪ್ಪಿನಲ್ಲಿ ಹಾಕಿಟ್ಟರೆ ಕೆಲವು ದಿನದಲ್ಲಿ ಮಿಡಿ ಚಿರುಟಿ, ಭರಣಿಯಲ್ಲಿ ನೀರು ತುಂಬುತ್ತದೆ. ಒದ್ದೆ ಮೈಮೇಲೆ ಸುರಿದ ಉಪ್ಪೂ ಒದ್ದೆಯಾಗುತ್ತದೆ. ನೋಡುವವರಿಗೆ ಒಳಗಿನ ನೀರು ಹೊರಬಂದಂತೆ ಕಾಣುತ್ತದೆ. ಆದರೆ ಚರ್ಮದ ಮೇಲಿನ ಉಪ್ಪು ಶ್ವಾಸಕೋಶದ ನೀರನ್ನು ಎಳೆಯಲಾರದು. ಎಳೆದರೂ ಪ್ರಯೋಜನವಿಲ್ಲ. ಮುಳುಗಿದವರು ಸಾಯುವುದು ಹೊಟ್ಟೆಯಲ್ಲಿ ನೀರು ತುಂಬಿದ್ದರಿಂದಲ್ಲ, ಮಿದುಳಿಗೆ ಆಮ್ಲಜನಕ ನಿಂತಿದ್ದರಿಂದ. ನಾಲ್ಕರಿಂದ ಆರು ನಿಮಿಷದಲ್ಲೇ ಮಿದುಳಿಗೆ ಹಾನಿ ಶುರುವಾಗುತ್ತದೆ. ಉಪ್ಪು ಕೇಳುವುದು ಗಂಟೆಗಳನ್ನು.

ಹೊಟ್ಟೆ ಒತ್ತುವುದು, ತಲೆಕೆಳಗೆ ಹಿಡಿಯುವುದು, ಹೆಗಲ ಮೇಲೆ ಹೊತ್ತು ತಿರುಗಿಸುವುದು ಇವೆಲ್ಲವೂ ಇದೇ ತಪ್ಪು ಲೆಕ್ಕದವು. ಶ್ವಾಸಕೋಶದ ಒಳಗೆ ಹೋಗುವ ನೀರು ಸಾಮಾನ್ಯವಾಗಿ ಸ್ವಲ್ಪವೇ. ಹೊಟ್ಟೆ ಒತ್ತಿದರೆ ಬರುವುದು ಹೊಟ್ಟೆಯಲ್ಲಿದ್ದದ್ದು. ಅದು ಗಂಟಲಿಂದ ಶ್ವಾಸಕೋಶಕ್ಕೆ ಇಳಿದರೆ ಇನ್ನೊಂದು ಅಪಾಯ.

ಬೇಕಾದದ್ದು ಉಸಿರು. ನೀರಿನಿಂದ ಎತ್ತಿದವರು ಪ್ರತಿಕ್ರಿಯಿಸುತ್ತಿಲ್ಲ, ಸರಿಯಾಗಿ ಉಸಿರಾಡುತ್ತಿಲ್ಲ ಎಂದಾದರೆ ಅಂಗಾತ ಮಲಗಿಸಿ, ತಲೆಯನ್ನು ಹಿಂದಕ್ಕೆ ಬಾಗಿಸಿ ಗಲ್ಲ ಎತ್ತಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಎದೆ ಏಳುವಂತೆ ಎರಡು ಸಲ ಉಸಿರು ಊದಬೇಕು. (ಐದು ಸಲ ಎನ್ನುವ ಯುರೋಪಿನ ಕ್ರಮವೂ ಇದೆ. ಎಣಿಕೆಗಿಂತ ತಡ ಮಾಡದಿರುವುದು ಮುಖ್ಯ.) ಆಮೇಲೆ ಎದೆಯ ನಡುವೆ ಎರಡೂ ಕೈಯಿಟ್ಟು, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಸಲ ಜೋರಾಗಿ ಒತ್ತಬೇಕು, ಮತ್ತೆ ಎರಡು ಉಸಿರು. ಸಹಾಯ ಬರುವವರೆಗೆ ಇದನ್ನೇ ಮುಂದುವರಿಸಬೇಕು. ಉಸಿರು ಕೊಡುವುದು ಬೇಡ, ಎದೆ ಒತ್ತಿದರೆ ಸಾಕು ಎಂಬ ವಿಡಿಯೋಗಳು ಹೇಳುವುದು ಹಠಾತ್ ಹೃದಯ ನಿಂತು ಕುಸಿದವರ ಬಗ್ಗೆ. ಮುಳುಗಿದವರಲ್ಲಿ ಮೊದಲು ನಿಲ್ಲುವುದು ಉಸಿರು. ಹೃದಯ ಇನ್ನೂ ಬಡಿಯುತ್ತಿರುವಾಗಲೇ ಗಾಳಿ ಸಿಕ್ಕರೆ ಎಷ್ಟೋ ಜನ ಉಳಿಯುತ್ತಾರೆ.

ಇನ್ನೊಬ್ಬರು ಫೋನ್ ಮಾಡಲಿ: ದಡದಲ್ಲಾದರೆ 112 ಅಥವಾ 108, ಸಮುದ್ರದಲ್ಲಾದರೆ ಕರಾವಳಿ ಕಾವಲು ಪಡೆಯ 1554. ನೇತ್ರಾಣಿಯಿಂದ ದಡ ಮುಟ್ಟಲು ದೋಣಿಗೆ ಒಂದು ಗಂಟೆಗೂ ಹೆಚ್ಚು ಬೇಕು, ಮುರುಡೇಶ್ವರದಿಂದ ಮಣಿಪಾಲದ ದೊಡ್ಡ ಆಸ್ಪತ್ರೆ ಸುಮಾರು 100 ಕಿ.ಮೀ. ಆ ನಾಲ್ಕು ನಿಮಿಷ ಕಳೆಯುವುದು ದೋಣಿಯಲ್ಲೇ, ಜೊತೆಗಿರುವ ಭಾವನೋ, ಅತ್ತಿಗೆಯೋ, ಗೆಳೆಯನೋ ಅವರ ಕೈಯಲ್ಲೇ. ಉಸಿರು ಮರಳಿದವರನ್ನೂ, ನೀರು ಕುಡಿದು ಕೆಮ್ಮು, ಏದುಸಿರು ನಿಲ್ಲದವರನ್ನೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು. ಶ್ವಾಸಕೋಶದ ತೊಂದರೆ ಮುಂದಿನ ಕೆಲವು ಗಂಟೆಗಳಲ್ಲಿ ಹೆಚ್ಚಾಗಬಹುದು.

ಊರಿನ ಹಿನ್ನೀರಿಗೂ ಇದೇ ಲೆಕ್ಕ. ಶರಾವತಿ ಹಿನ್ನೀರು ಅಲೆಯಿಲ್ಲದೆ ಶಾಂತವಾಗಿ ಕಾಣುತ್ತದೆ, ನಿಜ. ಆದರೆ ಅದು ಸಿಹಿನೀರು, ಆ ಒಂದೂಮುಕ್ಕಾಲು ಕಿಲೋ ಆಸರೆಯೂ ಅಲ್ಲಿಲ್ಲ. ಜೊತೆಗೆ 1964ರ ಲಿಂಗನಮಕ್ಕಿ ಅಣೆಕಟ್ಟಿನಿಂದ ಮುಳುಗಿದ ಕಾಡಿನ ಬೊಡ್ಡೆಗಳು ಈಗಲೂ ನೀರಡಿ ಇವೆ. ಬೇಸಿಗೆಯಲ್ಲಿ ನೀರು ಇಳಿದಾಗ ನೋಡಿದವರಿಗೆ ಗೊತ್ತು.

ಮೆಸೇಜ್ ಕಳಿಸಿದ ಆ ಓದುಗರು ಇನ್ನೊಂದನ್ನೂ ಕೇಳಿದ್ದರು: ಅವರ ಅತ್ತೆಗೆ ಈಜು ಬರುವುದಿಲ್ಲ, ದೋಣಿಯಲ್ಲಿ ಕೂತು ದ್ವೀಪ ನೋಡಿ ಬರಬಹುದೇ? ಬರಬಹುದು. ಮಳೆಗಾಲ ಕಳೆದಿರಲಿ, ಹತ್ತುವ ಮೊದಲೇ ಅಳತೆಗೆ ಸರಿಯಾದ ಜಾಕೆಟ್ ಹಾಕಿಸಿ, ಇಳಿಯುವವರೆಗೆ ತೆಗೆಯುವುದು ಬೇಡ. ಸೀರೆಯ ಮೇಲೆ ಜಾಕೆಟ್ ಕೂರುವುದಿಲ್ಲ ಎಂದು ದೋಣಿಯವರು ಹೇಳಿದರೆ ಚೂಡಿದಾರ ಹಾಕಿಕೊಂಡು ಬರಲಿ.