ಸುಟ್ಟಗಾಯಕ್ಕೆ ಹೆಲಿಕಾಪ್ಟರ್ ಬೇಕೇ?

ಬೇಸಿಗೆ ಬಂತೆಂದರೆ ನಮ್ಮ ಬಳ್ಳಾರಿ ಸೀಮೆಯಲ್ಲಿ ಬೆಂಕಿಯ ಭಯವೂ ಬರುತ್ತದೆ. ಹುಲ್ಲಿನ ಬಣವೆ, ಹತ್ತಿಯ ಜಿನ್, ಅಡುಗೆಮನೆಯ ಗ್ಯಾಸ್ ಒಲೆ, ಯಾವುದೂ ಇದಕ್ಕೆ ಹೊರತಲ್ಲ. ದೊಡ್ಡ ಅವಘಡವಾದಾಗ, ‘ಹೆಲಿಕಾಪ್ಟರ್ ತರಿಸಿದರೆ ಬೆಂಕಿಯೂ ಆರುತ್ತದೆ, ರೋಗಿಯೂ ಬೇಗ ಬೆಂಗಳೂರು ಸೇರುತ್ತಾನಲ್ಲವೇ ಡಾಕ್ಟ್ರೇ?’ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸಹಜವಾದದ್ದೇ.

ಗಾಯಾಳುಗಳನ್ನು ಸಾಗಿಸಲು ನಮ್ಮ ದೇಶದಲ್ಲಿ ಬಹುಕಾಲ ದುಡಿದ ಹೆಲಿಕಾಪ್ಟರ್ ಚೇತಕ್. ಫ್ರಾನ್ಸ್ ಮೂಲದ ಈ ಮಾದರಿಯನ್ನು ಬೆಂಗಳೂರಿನ ಎಚ್‌ಎಎಲ್ 1960ರ ದಶಕದಿಂದ ತಯಾರಿಸಿತು. ಪೈಲಟ್ ಸೇರಿ ಏಳು ಮಂದಿ ಕೂರಬಹುದು. ಆಸನಗಳನ್ನು ತೆಗೆದರೆ ಎರಡು ಸ್ಟ್ರೆಚರ್ ಹಿಡಿಸುತ್ತವೆ. ಅದರ ಜಾಗ ತುಂಬುವ ಹೊಸ ಹಗುರ ಹೆಲಿಕಾಪ್ಟರ್‌ಗಾಗಿ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಕಟ್ಟಿದ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು.

ಬೆಂಕಿ ಆರಿಸುವ ಕೆಲಸ

2019ರ ಫೆಬ್ರವರಿಯಲ್ಲಿ ಬಂಡೀಪುರದ ಕಾಡು ಹೊತ್ತಿ ಉರಿದಾಗ ತಮಿಳುನಾಡಿನ ಸೂಲೂರು ನೆಲೆಯಿಂದ ವಾಯುಪಡೆಯ ಎಂಐ-17 ಹೆಲಿಕಾಪ್ಟರ್‌ಗಳು ಬಂದವು. ಕೆಳಗೆ ತೂಗುಬಿಟ್ಟ ದೊಡ್ಡ ಚೀಲದಲ್ಲಿ ನೀರು ಮೊಗೆದು ಬೆಂಕಿಯ ಮೇಲೆ ಸುರಿದವು. ಮನುಷ್ಯರು ಹತ್ತಲಾರದ ಗುಡ್ಡಗಳಿಗೆ ಇದು ಒಳ್ಳೆಯ ಉಪಾಯ. ಆದರೆ ಊರೊಳಗಿನ ಮನೆಗೋ ಗೋದಾಮಿಗೋ ಇದು ಒಗ್ಗದು. ಮೇಲಿನಿಂದ ಸುರಿದ ನೀರು ಛಾವಣಿಯ ಮೇಲೇ ಹರಿದುಹೋಗುತ್ತದೆ. ರೆಕ್ಕೆಯ ಗಾಳಿ ಉರಿಯನ್ನು ಇನ್ನಷ್ಟು ಹರಡಲೂಬಹುದು. ಊರಿನ ಬೆಂಕಿಗೆ ಅಗ್ನಿಶಾಮಕ ದಳವೇ ಸರಿ. ದೂರವಾಣಿ ಸಂಖ್ಯೆ 101 ಅಥವಾ 112.

ಸಮಯದ ಲೆಕ್ಕ

ಸಿರುಗುಪ್ಪದಿಂದ ಬಳ್ಳಾರಿಗೆ ರಸ್ತೆಯಲ್ಲಿ 50 ಕಿಲೋಮೀಟರ್‌ಗೆ ಕೊಂಚ ಹೆಚ್ಚು. ಕುರುಗೋಡು ಅದಕ್ಕಿಂತ ಬಹಳ ಹತ್ತಿರ. ಹೆಲಿಕಾಪ್ಟರ್ ಇಷ್ಟನ್ನು ಕಾಲು ಗಂಟೆಯಲ್ಲಿ ಹಾರೀತು. ಆದರೆ ಅನುಮತಿ, ಸಿಬ್ಬಂದಿ, ಬೇರೆ ನೆಲೆಯಿಂದ ಇಲ್ಲಿಗೆ ಬರುವ ಹೊತ್ತು, ಇಳಿಯಲು ಬಯಲು, ಆ ಬಯಲಿನಿಂದ ಆಸ್ಪತ್ರೆಗೆ ಮತ್ತೆ ಆಂಬುಲೆನ್ಸ್, ಇವೆಲ್ಲ ಸೇರಿದರೆ 108 ವಾಹನವೇ ಮೊದಲು ತಲಪುತ್ತದೆ. ತುಂಗಭದ್ರೆ ಉಕ್ಕಿ ಊರು ನಡುಗಡ್ಡೆಯಾದಾಗ ಲೆಕ್ಕ ಬೇರೆ. ಬಳ್ಳಾರಿಯಿಂದ ಬೆಂಗಳೂರಿಗೆ ಕಳಿಸುವಾಗಲೂ ಬೇರೆ: ರಸ್ತೆಯಲ್ಲಿ 300 ಕಿಲೋಮೀಟರ್‌ಗೂ ಹೆಚ್ಚು ಇರುವ ದಾರಿ ಆಕಾಶದಲ್ಲಿ ಸುಮಾರು 250. ಐದಾರು ಗಂಟೆಯ ಪ್ರಯಾಣ ಒಂದೂವರೆ ಗಂಟೆಗೆ ಇಳಿಯುತ್ತದೆ.

ಹಾಗೆಂದು ಗಾಯಗೊಂಡವನನ್ನು ಎತ್ತಿಕೊಂಡು ನೇರವಾಗಿ ಹಾರುವಂತಿಲ್ಲ. ಮೇಲಕ್ಕೇರಿದಂತೆ ಗಾಳಿಯ ಒತ್ತಡ ಇಳಿಯುತ್ತದೆ. ಬಳ್ಳಾರಿ ಇರುವುದು ಸುಮಾರು 1,500 ಅಡಿ ಎತ್ತರದಲ್ಲಿ. 5,000 ಅಡಿಗೆ ಏರಿದರೆ ದೇಹದೊಳಗೆ ಸಿಕ್ಕಿಕೊಂಡ ಗಾಳಿ ಹತ್ತನೇ ಒಂದು ಪಾಲಿಗಿಂತಲೂ ಹೆಚ್ಚು ಹಿಗ್ಗುತ್ತದೆ. ಪಕ್ಕೆಲುಬು ಮುರಿದು ಎದೆಗೂಡಿನಲ್ಲಿ ಗಾಳಿ ಸೇರಿದ್ದರೆ ಇದು ಅಪಾಯ. ಮೊದಲೇ ಕೊಳವೆ ಹಾಕಿ ಅದನ್ನು ತೆಗೆಯಬೇಕು. ಹಾರುವಾಗಿನ ಸದ್ದಿನಲ್ಲಿ ಸ್ಟೆತಾಸ್ಕೋಪ್ ಕೆಲಸ ಮಾಡದು. ಇಕ್ಕಟ್ಟಿನಲ್ಲಿ ಕೈಯಾಡಿಸುವುದೂ ಕಷ್ಟ. ಮುಖ ಸುಟ್ಟವರಿಗೆ ಗಂಟಲು ಬಾತು ಉಸಿರು ಕಟ್ಟಬಹುದು. ಆದ್ದರಿಂದ ಉಸಿರಿನ ದಾರಿ ಭದ್ರಪಡಿಸಿ, ರಕ್ತನಾಳಕ್ಕೆ ಸಲೈನ್ ಹಚ್ಚಿದ ಮೇಲೆಯೇ ಹೊರಡಬೇಕು. ಈ ಕೆಲಸ ಆಗುವುದು ನೆಲದ ಮೇಲಿನ ಆಸ್ಪತ್ರೆಯಲ್ಲಿ. ನಮ್ಮಲ್ಲಿ ಜನ ಇಂದಿಗೂ ವಿಮ್ಸ್ ಎಂದು ಕರೆಯುವ ಸರ್ಕಾರಿ ಆಸ್ಪತ್ರೆಯಲ್ಲಿ.

ಮನೆಯವರ ಕೈಯಲ್ಲಿರುವುದು

ಯಾವ ವಾಹನ ಬಂದರೂ ಮೊದಲ 20 ನಿಮಿಷ ಮನೆಯವರದು.

1. ಬಟ್ಟೆಗೆ ಬೆಂಕಿ ಹತ್ತಿದರೆ ಓಡಬಾರದು. ನೆಲಕ್ಕೆ ಮಲಗಿಸಿ ಉರುಳಿಸಿ. ಕಂಬಳಿ ಅಥವಾ ದಪ್ಪ ಹತ್ತಿಬಟ್ಟೆ ಸುತ್ತಿ ಉರಿ ಆರಿಸಿ.

2. ಸುಟ್ಟ ಜಾಗದ ಮೇಲೆ ತಣ್ಣೀರನ್ನು 20 ನಿಮಿಷ ಹರಿಯಬಿಡಿ. ಐಸ್ ಬೇಡ. ಮಕ್ಕಳಿಗೆ ಉಳಿದ ಮೈ ಚಳಿ ಹಿಡಿಯದಂತೆ ಹೊದಿಸಿ.

3. ಬಾವು ಬರುವ ಮೊದಲೇ ಬಳೆ, ಉಂಗುರ, ಕಾಲ್ಗೆಜ್ಜೆ ತೆಗೆಯಿರಿ. ಚರ್ಮಕ್ಕೆ ಅಂಟಿದ ಬಟ್ಟೆಯನ್ನು ಕೀಳಬೇಡಿ.

4. ಶಾಯಿ, ಟೂತ್‌ಪೇಸ್ಟ್, ತುಪ್ಪ, ಅರಿಶಿಣ ಏನನ್ನೂ ಹಚ್ಚಬೇಡಿ. ಒಗೆದ ಬಟ್ಟೆಯಿಂದ ಸಡಿಲವಾಗಿ ಮುಚ್ಚಿ.

5. ರೋಗಿಯ ಬೆರಳುಗಳೂ ಸೇರಿದಂತೆ ಒಂದು ಅಂಗೈಯಷ್ಟು ಗಾಯವೆಂದರೆ ಮೈಯ ಸುಮಾರು ಶೇಕಡಾ 1. ಮಕ್ಕಳಲ್ಲಿ ಹತ್ತು ಅಂಗೈ, ದೊಡ್ಡವರಲ್ಲಿ ಹದಿನೈದು ಮೀರಿದರೆ ಪ್ರಾಣಾಪಾಯವೆಂದೇ ತಿಳಿಯಿರಿ. ಧ್ವನಿ ಒಡೆದಿದ್ದರೆ, ಮೂಗಿನಲ್ಲಿ ಮಸಿ ಕಂಡರೆ ಗಾಯ ಚಿಕ್ಕದಿದ್ದರೂ ತಕ್ಷಣ ಕರೆದೊಯ್ಯಿರಿ.

ಒಂದು ವೇಳೆ ಹೆಲಿಕಾಪ್ಟರ್ ಬಂದೇ ಬಂದರೆ ಮಕ್ಕಳನ್ನು, ದನಕರುಗಳನ್ನು ದೂರವಿಡಿ. ಟವೆಲು, ರುಮಾಲು, ಸೆರಗು ಹಾರದಂತೆ ಬಿಗಿಯಾಗಿರಲಿ. ಸಿಬ್ಬಂದಿ ಸನ್ನೆ ಮಾಡಿದ ಮೇಲೆಯೇ, ಪೈಲಟ್‌ಗೆ ಕಾಣುವಂತೆ ಮುಂದಿನಿಂದ, ತಗ್ಗಿ ಹೋಗಿ. ಬಾಲದ ಕಡೆ ಎಂದೂ ಸುಳಿಯಬೇಡಿ. ಅಲ್ಲಿ ತಿರುಗುವ ಚಿಕ್ಕ ರೆಕ್ಕೆ ಕಣ್ಣಿಗೆ ಕಾಣುವುದಿಲ್ಲ.

ಹೆಲಿಕಾಪ್ಟರ್ ದಾರಿಯನ್ನು ಕಿರಿದು ಮಾಡುತ್ತದೆ, ಚಿಕಿತ್ಸೆಯನ್ನಲ್ಲ. ಅದರ ಹಾದಿ ಕಾಯುತ್ತ ಕೂರದೆ ಕೊಡ ನೀರು ತನ್ನಿ, ಇನ್ನೊಬ್ಬರಿಗೆ 108ಕ್ಕೆ ಫೋನ್ ಮಾಡಲು ಹೇಳಿ.