ನೋಟು ಹೊರಗಿರಲಿ, ಲೆಕ್ಕ ಬಾಯಲ್ಲಿರಲಿ

ನಮ್ಮದು ರೊಟ್ಟಿ ಅಂಗಡಿ. ತಾಲೂಕಿನ ಬಸ್ ನಿಲ್ದಾಣದ ಹತ್ತಿರ ಇದೆ. ಸಂಘದ ಎಂಟು ಮಂದಿ ಹೆಣ್ಣುಮಕ್ಕಳು ಕೂಡಿ ನಡೆಸುತ್ತೇವೆ. ಜೋಳದ ರೊಟ್ಟಿ ಒಂದಕ್ಕೆ 10 ರೂಪಾಯಿ. ಶೇಂಗಾ ಹಿಂಡಿಯ ಪೊಟ್ಟಣಕ್ಕೆ 25 ರೂಪಾಯಿ.

ರೊಟ್ಟಿ ಬಡಿಯುವುದು ನಮಗೆ ಹೊಸದಲ್ಲ. ಅದನ್ನು ಅವ್ವನಿಂದ ಕಲಿತಿದ್ದೇವೆ. ಗಲ್ಲಾದ ಮುಂದೆ ಕೂಡುವುದು ಮಾತ್ರ ಹೊಸದು. ಅದನ್ನು ಪೆಟ್ಟು ತಿಂದು ಕಲಿತೆವು.

ಅಂಗಡಿ ತೆರೆದ ಮೊದಲ ತಿಂಗಳು. ಮಧ್ಯಾಹ್ನದ ಹೊತ್ತು, ಗದ್ದಲವೋ ಗದ್ದಲ. ನಮ್ಮ ಅಕ್ಕ ಒಬ್ಬಳು ಗಲ್ಲಾದ ಮುಂದೆ ಇದ್ದಳು. ಒಬ್ಬರು 4 ರೊಟ್ಟಿ, 1 ಹಿಂಡಿ ಪೊಟ್ಟಣ ತೆಗೆದುಕೊಂಡರು. 65 ರೂಪಾಯಿ ಆಯಿತು. ಅವರು ಕೊಟ್ಟ ನೋಟನ್ನು ಅಕ್ಕ ಗಲ್ಲಾಕ್ಕೆ ಹಾಕಿದಳು. 35 ರೂಪಾಯಿ ಚಿಲ್ಲರೆ ಕೊಟ್ಟಳು.

"ಏನವ್ವಾ, ನಾ ಕೊಟ್ಟಿದ್ದು ಐನೂರರ ನೋಟು. ಇದೇನು ಕೊಡಾಕತ್ತಿ?" ಎಂದರು ಅವರು.

ಗಲ್ಲಾದಲ್ಲಿ ಐನೂರರ ನೋಟೂ ಇತ್ತು, ನೂರರ ನೋಟೂ ಇತ್ತು. ಅವರದು ಯಾವುದು? ಹೇಳುವವರು ಯಾರು? ಹಿಂದೆ ಜನ ನಿಂತಿದ್ದರು. ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಅಕ್ಕ ಗಾಬರಿಯಾಗಿ ಇನ್ನೂ 400 ರೂಪಾಯಿ ಕೊಟ್ಟಳು.

ಸಂಜೆ ಎಣಿಸಿದಾಗ ಸರಿಯಾಗಿ 400 ರೂಪಾಯಿ ಕಡಿಮೆ ಬಂತು. "ಸಾಲಿ ಕಲೀದಾಕಿನ್ನ ಗಲ್ಲಾಕ್ಕ ಕೂಡಿಸಿದ್ದು ನಮ್ಮ ತಪ್ಪು" ಎಂದು ನಮ್ಮಲ್ಲೇ ಒಬ್ಬರು ಅಂದುಬಿಟ್ಟರು. ದುಡ್ಡು ಹೋದದ್ದಕ್ಕಿಂತ ಆ ಮಾತು ಅಕ್ಕನಿಗೆ ಹೆಚ್ಚು ನೋವು ಮಾಡಿತು. "ನಾ ಇನ್ನ ಒಲಿ ಮುಂದನ ಇರ್ತೀನಿ" ಎಂದಳು.

ಆ ರಾತ್ರಿ ಎಲ್ಲರೂ ಕೂತು ಯೋಚನೆ ಮಾಡಿದೆವು. ಸಾಲಿ ಕಲಿತವರು ಅಲ್ಲಿದ್ದರೂ ಇದೇ ಆಗುತ್ತಿತ್ತು. ತಪ್ಪು ಅಕ್ಕನದಲ್ಲ. ನಮ್ಮಲ್ಲಿ ಒಂದು ಪದ್ಧತಿ ಇರಲಿಲ್ಲ. ಈಗ ಇದೆ. ಅದನ್ನೇ ನಿಮಗೂ ಹೇಳುತ್ತೇವೆ.

ಬೆಳಿಗ್ಗೆ ಏನು ಮಾಡಬೇಕು?

ನಮ್ಮ ಸ್ವಂತ ದುಡ್ಡು ಬೇರೆ, ಅಂಗಡಿಯ ದುಡ್ಡು ಬೇರೆ. ಎರಡನ್ನೂ ಕೂಡಿಸಬಾರದು. ಸ್ವಂತದ್ದು ನಮ್ಮ ಚೀಲದಲ್ಲಿ ಇರಲಿ. ಅಂಗಡಿಯದು ಗಲ್ಲಾದಲ್ಲಿ ಇರಲಿ.

ಬೆಳಿಗ್ಗೆ ಗಲ್ಲಾಕ್ಕೆ ಚಿಲ್ಲರೆ ಹಾಕುತ್ತೇವೆ. ಎಷ್ಟು ಹಾಕಿದೆವು ಎಂದು ವಹಿಯಲ್ಲಿ ಬರೆಯುತ್ತೇವೆ. ನೀವು ಬೇರೆಯವರ ಅಂಗಡಿಯಲ್ಲಿ ಕೆಲಸ ಮಾಡುತ್ತೀರಾ? ಹಾಗಾದರೆ ಮಾಲೀಕರ ಎದುರಿಗೇ ಎಣಿಸಿ ತೆಗೆದುಕೊಳ್ಳಿ. ಸಂಜೆ ಅವರ ಎದುರಿಗೇ ಎಣಿಸಿ ಕೊಡಿ. ಇದರಲ್ಲಿ ಸಂಕೋಚ ಬೇಡ.

ಗಿರಾಕಿ ಬಂದಾಗ ಏನು ಮಾಡಬೇಕು?

ಒಂದು: ಎಷ್ಟಾಯಿತು ಎಂದು ಗಟ್ಟಿಯಾಗಿ ಹೇಳಬೇಕು. "ಅರವತ್ತೈದು ಆತ್ರೀ."

ಎರಡು: ಕೈಗೆ ಬಂದ ನೋಟನ್ನು ನೋಡಿ ಹೇಳಬೇಕು. "ನೂರು ರೂಪಾಯಿ ಕೊಟ್ಟೀರಿ."

ಮೂರು: ಆ ನೋಟನ್ನು ಗಲ್ಲಾಕ್ಕೆ ಹಾಕಬಾರದು. ನಮ್ಮ ಕಡೆ ಒಂದು ತಾಟು ಇದೆ. ನೋಟು ಅದರಲ್ಲಿ ಇರುತ್ತದೆ. ಗಾಳಿಗೆ ಹಾರದ ಹಾಗೆ ಮೇಲೆ ಒಂದು ಲೋಟ ಇಡುತ್ತೇವೆ.

ನಾಲ್ಕು: ಚಿಲ್ಲರೆಯನ್ನು ಅವರ ಕೈಗೆ ಎಣಿಸಿ ಕೊಡಬೇಕು. ಅವರು ಎಣಿಸಿ ಹೂಂ ಎಂದ ಮೇಲೆಯೇ ನೋಟು ಗಲ್ಲಾಕ್ಕೆ ಹೋಗಬೇಕು.

ಚಿಲ್ಲರೆಯ ಲೆಕ್ಕಕ್ಕೆ ಕಳೆಯುವುದೇ ಬೇಡ. ಮುಂದಕ್ಕೆ ಎಣಿಸಿದರೆ ಸಾಕು. 65ರಿಂದ ಶುರು ಮಾಡೋಣ. 5 ರೂಪಾಯಿ ನಾಣ್ಯ ಇಟ್ಟರೆ 70. ಅದರ ಮೇಲೆ 10 ಇಟ್ಟರೆ 80. ಅದರ ಮೇಲೆ 20 ಇಟ್ಟರೆ 100. ನೂರಕ್ಕೆ ಮುಟ್ಟಿದೆವು, ಲೆಕ್ಕ ಮುಗಿಯಿತು. ಗಿರಾಕಿಗೂ ಇದು ತಿಳಿಯುತ್ತದೆ.

ಕೆಲವರು ಅವಸರ ಮಾಡಿಸುತ್ತಾರೆ. ಚಿಲ್ಲರೆ ಎಣಿಸುವಾಗಲೇ "ಇದನ್ನ ತಗೊಂಡು ಇನ್ನೂರರ ನೋಟು ಕೊಡು" ಎನ್ನುತ್ತಾರೆ. ಆಗ ತಲೆ ಗೊಂದಲವಾಗುತ್ತದೆ. "ತಡೀರಿ ಅಣ್ಣಾರ, ಮೊದಲು ಇದು ಮುಗೀಲಿ" ಎನ್ನಬೇಕು. ಒಂದು ಲೆಕ್ಕ ಮುಗಿಯುವ ತನಕ ಇನ್ನೊಂದು ಬೇಡ.

ನೋಟು ಗುರುತಿಸುವುದು ಹೇಗೆ?

ನೋಟಿನ ಹಿಂದೆ ಒಂದು ಪಟ್ಟಿಯಲ್ಲಿ 15 ಭಾಷೆಗಳಿವೆ. ನಾಲ್ಕನೆಯ ಸಾಲು ನಮ್ಮ ಕನ್ನಡ. ಹೊಸ ನಮೂನೆಯ 50ರ ನೋಟಿನ ಹಿಂದೆ ನಮ್ಮ ಹಂಪಿಯ ಕಲ್ಲಿನ ರಥವೂ ಇದೆ. ಒಂದು ನೋಟು ತೆಗೆದು ಈಗಲೇ ನೋಡಿ. ಕಲಿತ ಅಕ್ಷರ ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ.

ಹೊಸ ನಮೂನೆಯ 20ರ ನೋಟು ಹಸಿರು ಹಳದಿ. 200ರ ನೋಟು ಗಾಢ ಹಳದಿ. ಅವಸರದಲ್ಲಿ ಒಂದನ್ನು ಇನ್ನೊಂದು ಎಂದು ತಿಳಿಯುವುದುಂಟು. ಆದ್ದರಿಂದ ಬಣ್ಣ ನಂಬಬೇಡಿ, ಸೊನ್ನೆ ಎಣಿಸಿ.

500ರ ನೋಟನ್ನು ಬೆಳಕಿಗೆ ಹಿಡಿದು ನೋಡಬೇಕು. ಖಾಲಿ ಜಾಗದಲ್ಲಿ ಗಾಂಧೀಜಿಯ ಮುಖ ಕಾಣಬೇಕು. ನೋಟನ್ನು ಸ್ವಲ್ಪ ಓರೆ ಮಾಡಿದರೆ ಹಸಿರು ದಾರ ನೀಲಿಯಾಗಬೇಕು. ಅನುಮಾನ ಬಂದರೆ "ಬೇರೆ ನೋಟು ಕೊಡ್ರಿ" ಎಂದು ಮರ್ಯಾದೆಯಿಂದ ಕೇಳೋಣ. ಖೋಟಾ ನೋಟು ಎಂದು ತಿಳಿದ ಮೇಲೂ ಇನ್ನೊಬ್ಬರಿಗೆ ದಾಟಿಸುವುದು ಅಪರಾಧ. ಅದನ್ನು ಬ್ಯಾಂಕಿಗೆ ಒಪ್ಪಿಸಬೇಕು. ಅದಕ್ಕೆ ಬದಲಿ ದುಡ್ಡು ಸಿಗುವುದಿಲ್ಲ. ಅದಕ್ಕೇ ತೆಗೆದುಕೊಳ್ಳುವಾಗಲೇ ನೋಡಬೇಕು.

2016ರ ನವೆಂಬರ್‌ನಲ್ಲಿ ರದ್ದಾದ ಹಳೆಯ 500 ಮತ್ತು 1000ದ ನೋಟು ನಡೆಯುವುದಿಲ್ಲ. 2000ದ ನೋಟನ್ನು ರಿಸರ್ವ್ ಬ್ಯಾಂಕ್ 2023ರಲ್ಲಿ ಹಿಂದಕ್ಕೆ ಪಡೆಯಿತು. ನಮ್ಮೂರ ಬ್ಯಾಂಕುಗಳಲ್ಲಿ ಅದನ್ನು ಈಗ ಬದಲಿಸಿ ಕೊಡುವುದಿಲ್ಲ. ಅಂಗಡಿಯಲ್ಲಿ ಅದು ಬೇಡ. ಹರಿದ ನೋಟನ್ನು ಬ್ಯಾಂಕಿನಲ್ಲಿ ಬದಲಾಯಿಸಬಹುದು. 10 ರೂಪಾಯಿ ನಾಣ್ಯ ನಡೆಯೋದಿಲ್ಲ ಎಂದು ಕೆಲವರು ಹೇಳುತ್ತಾರೆ. ಅದು ಸುಳ್ಳು. ಅದರ ಎಲ್ಲ ನಮೂನೆಗಳೂ ನಡೆಯುತ್ತವೆ ಎಂದು ರಿಸರ್ವ್ ಬ್ಯಾಂಕೇ ಹೇಳಿದೆ.

ಫೋನಿನಲ್ಲಿ ದುಡ್ಡು ಬಂದರೆ?

ಗಿರಾಕಿ ತಮ್ಮ ಫೋನು ತೋರಿಸಿ "ಹಾಕೀನಿ ನೋಡ್ರಿ" ಎನ್ನುತ್ತಾರೆ. ಅದನ್ನಷ್ಟೇ ನಂಬಬಾರದು. ನಮ್ಮ ಫೋನಿಗೆ ಬಂತೇ ನೋಡಬೇಕು. ಇಲ್ಲವೇ ನಮ್ಮ ಪೆಟ್ಟಿಗೆ ಕೂಗಿ ಹೇಳಬೇಕು. ಇನ್ನೊಂದು ಮಾತು. ದುಡ್ಡು ಪಡೆಯಲು ನಮ್ಮ ಗುಟ್ಟಿನ ನಂಬರು ಒತ್ತುವ ಅಗತ್ಯ ಇಲ್ಲ. ಒತ್ತು ಎಂದು ಯಾರಾದರೂ ಹೇಳಿದರೆ ಅದು ಮೋಸ.

ಸಂಜೆಯ ಲೆಕ್ಕ

ಒಂದು ದಿನದ ನಮ್ಮ ಲೆಕ್ಕ ನೋಡಿ. 150 ರೊಟ್ಟಿ ತಂದೆವು. 14 ಉಳಿದವು. 136 ಹೋದವು. ಹಿಂಡಿ 20 ಪೊಟ್ಟಣ, ಎಲ್ಲವೂ ಹೋದವು.

ರೊಟ್ಟಿಯದು: 1,360 ರೂಪಾಯಿ
ಹಿಂಡಿಯದು: 500 ರೂಪಾಯಿ
ಒಟ್ಟು ವ್ಯಾಪಾರ: 1,860 ರೂಪಾಯಿ
ಇದರಲ್ಲಿ ಫೋನಿಗೆ ಬಂದದ್ದು: 640 ರೂಪಾಯಿ
ಕೈಗೆ ಬರಬೇಕಾದದ್ದು: 1,220 ರೂಪಾಯಿ
ಬೆಳಿಗ್ಗೆ ಇಟ್ಟ ಚಿಲ್ಲರೆ ಕೂಡಿಸಿ: 300 ರೂಪಾಯಿ
ಹಿಟ್ಟಿನ ಗಿರಣಿಗೆ ಕೊಟ್ಟದ್ದು ಕಳೆಯಿರಿ: 150 ರೂಪಾಯಿ
ಗಲ್ಲಾದಲ್ಲಿ ಇರಬೇಕಾದದ್ದು: 1,370 ರೂಪಾಯಿ

ಎಣಿಸಿದರೆ 1,330 ರೂಪಾಯಿ ಮಾತ್ರ ಇತ್ತು. 40 ಕಡಿಮೆ. ಯಾರೂ ಯಾರನ್ನೂ ಬೈಯಲಿಲ್ಲ. ಯಾರೂ ಸುಮ್ಮನೆ ತಮ್ಮ ಚೀಲದಿಂದ ತುಂಬಲಿಲ್ಲ. "40 ಕಡಿಮೆ" ಎಂದು ವಹಿಯಲ್ಲಿ ಬರೆದು ಹುಡುಕಿದೆವು. ಪಕ್ಕದ ದರ್ಜಿ ಅಣ್ಣ 4 ರೊಟ್ಟಿ ಉದ್ರಿ ಒಯ್ದಿದ್ದ. ಬರೆಯುವುದು ಮರೆತಿತ್ತು. ತಪ್ಪು ಮುಚ್ಚಿಟ್ಟರೆ ಮುಂದೆ ಕಳವಿನ ಹಾಗೆ ಕಾಣುತ್ತದೆ. ಬರೆದಿಟ್ಟರೆ ಅದು ಬರೀ ತಪ್ಪು, ತಿದ್ದಬಹುದು.

ನಮ್ಮ ಅಕ್ಕ ಏನಾದಳು?

ಅಕ್ಕನನ್ನು ನಾವೇ ಮತ್ತೆ ಕರೆದೆವು. ಮೊದಲು ಬೆಳಗಿನ ಹೊತ್ತು, ಗದ್ದಲ ಇಲ್ಲದಾಗ ಕೂತಳು. ಆಮೇಲೆ ಮಧ್ಯಾಹ್ನವೂ ಕೂತಳು. ಒಂದು ದಿನ ಒಬ್ಬರು ಹೇಳಿದರು, "ನಾ ಇನ್ನೂರು ಕೊಟ್ಟಿದ್ನೆಲ್ಲವ್ವಾ?"

ಅಕ್ಕ ಲೋಟ ಎತ್ತಿದಳು. "ನೋಡ್ರಿ ಅಣ್ಣಾರ, ನಿಮ್ಮ ನೋಟು ಇಲ್ಲೇ ಐತಿ." ತಾಟಿನಲ್ಲಿ ನೂರರ ನೋಟು ಇತ್ತು.

"ಹೌದವ್ವಾ, ನನಗ ಮರ್ತಿತ್ತು" ಎಂದು ಅವರು ನಕ್ಕರು. ಅಕ್ಕನೂ ನಕ್ಕಳು. ಜಗಳವಿಲ್ಲ, ಕಣ್ಣೀರಿಲ್ಲ. ಅಂದು ಸಂಜೆ ವಹಿಯಲ್ಲಿ ಲೆಕ್ಕ ಬರೆದವಳೂ ಅವಳೇ.

ನೀವೇ ಮಾಡಿ ನೋಡಿ

6 ರೊಟ್ಟಿ, 1 ಹಿಂಡಿ ಪೊಟ್ಟಣ. ಗಿರಾಕಿ 200ರ ನೋಟು ಕೊಟ್ಟರು. ಎಷ್ಟಾಯಿತು? ಮುಂದಕ್ಕೆ ಎಣಿಸಿ ಚಿಲ್ಲರೆ ಕೊಡಿ. ಮನೆಯವರನ್ನು ಗಿರಾಕಿ ಮಾಡಿಕೊಳ್ಳಿ. ಬಾಯಿ ಬಿಟ್ಟು ಗಟ್ಟಿಯಾಗಿ ಎಣಿಸಿ.

(ಉತ್ತರ: 85 ರೂಪಾಯಿ ಆಯಿತು. 5 ಕೊಟ್ಟರೆ 90, 10 ಕೊಟ್ಟರೆ 100, 100 ಕೊಟ್ಟರೆ 200. ಒಟ್ಟು ಚಿಲ್ಲರೆ 115 ರೂಪಾಯಿ.)