‘ಎಲ್ಲರೂ ಹಾಗೇ’ ಎನ್ನುವ ಮುನ್ನ: ನಯವಾದ ಕಲಿಸುವ ಮಾತಿನ ಎಚ್ಚರ

ಬಾಳೆಹಣ್ಣಿನ ಬಣ್ಣ ಯಾವುದು ಎಂದು ಮಕ್ಕಳನ್ನು ಕೇಳಿದರೆ ‘ಹಳದಿ’ ಎನ್ನುತ್ತಾರೆ. ಕಲಬುರಗಿಯಿಂದ ಹುಮನಾಬಾದ್ ಕಡೆಗೆ ಹೋಗುವಾಗ ಸಿಗುವ ಕಮಲಾಪುರದಲ್ಲಿ ಈ ಉತ್ತರ ನಿಲ್ಲುವುದಿಲ್ಲ. ಅಲ್ಲಿಯ ಹೆಸರಾಂತ ಬಾಳೆಯ ಸಿಪ್ಪೆ ಕೆಂಪು. ಅದಕ್ಕೆ ಭೌಗೋಳಿಕ ಸೂಚಕ ಮಾನ್ಯತೆಯೂ ಇದೆ. ಮಗು ಸುಳ್ಳು ಹೇಳಲಿಲ್ಲ. ತಾನು ಕಂಡ ಹಣ್ಣಿನ ಮಟ್ಟಿಗೆ ಅದು ನಿಜ. ‘ಎಲ್ಲ ಬಾಳೆಯೂ ಹಳದಿಯೇ’ ಎಂದರೆ ಮಾತ್ರ ತಪ್ಪು.

ಹಣ್ಣಿನ ವಿಷಯದಲ್ಲಿ ಇದರಿಂದ ಯಾರಿಗೂ ನೋವಿಲ್ಲ. ಜನರ ವಿಷಯದಲ್ಲಿ ಹಾಗಲ್ಲ. ‘ಜೈನರೆಂದರೆ ಶ್ರೀಮಂತ ವ್ಯಾಪಾರಿಗಳು’ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಜೈನರ ಸಂಖ್ಯೆ ಸುಮಾರು 4.40 ಲಕ್ಷ. ಬೆಳಗಾವಿ, ಬಾಗಲಕೋಟೆ ಭಾಗದಲ್ಲಿ ತಲೆಮಾರುಗಳಿಂದ ಒಕ್ಕಲುತನವನ್ನೇ ನಂಬಿದ ಜೈನ ಕುಟುಂಬಗಳು ಬಹಳ. 2014ರ ಜನವರಿಯಲ್ಲಿ ಕೇಂದ್ರ ಸರ್ಕಾರ ಜೈನರನ್ನು ಅಲ್ಪಸಂಖ್ಯಾತರೆಂದು ಘೋಷಿಸಿತು. ಆದರೂ ಬಡ ರೈತನ ಮಗಳು ವಿದ್ಯಾರ್ಥಿವೇತನಕ್ಕೆ ಅರ್ಜಿ ಹಿಡಿದು ನಿಂತಾಗ ‘ನಿಮಗ್ಯಾಕೆ ಇದು?’ ಎಂದು ಯಾರಾದರೂ ಕೇಳಿದರೆ, ಆ ಪ್ರಶ್ನೆ ಹುಟ್ಟುವುದು ಇದೇ ಮಾತಿನಿಂದ.

ನಮ್ಮ ಬಗ್ಗೆ ಆಡಿದಾಗ ನೋಯುವ ಈ ಬಗೆಯ ಮಾತನ್ನು ನಾವೂ ಆಡುತ್ತೇವೆ: ‘ಆ ಜಾತಿಯವರೆಲ್ಲ ಹಾಗೇ’, ‘ಈಗಿನ ಮಕ್ಕಳಿಗೆ ಧರ್ಮಶ್ರದ್ಧೆಯೇ ಇಲ್ಲ’, ‘ನೀನು ಯಾವಾಗಲೂ ಹೀಗೇ’.

ಸಂಗ್ರಹ ನಯ ಎಲ್ಲಿ ಕೆಡುತ್ತದೆ?

ಹಲವನ್ನು ಒಂದೇ ಮಾತಿನಲ್ಲಿ ಹಿಡಿಯುವುದು ದೋಷವಲ್ಲ. ಏಳು ನಯಗಳಲ್ಲಿ ಒಂದಾದ ಸಂಗ್ರಹ ನಯದ ಕೆಲಸವೇ ಅದು. ‘ಜೀವ’ ಎಂಬ ಒಂದು ಶಬ್ದದಲ್ಲಿ ಎಲ್ಲ ಜೀವಿಗಳೂ ಅಡಗುತ್ತವೆ. ಮುಂದೆ ವ್ಯವಹಾರ ನಯ ಅವನ್ನು ಸಂಸಾರಿ, ಮುಕ್ತ ಎಂದು ವಿಂಗಡಿಸುತ್ತದೆ. ಸಾಮಾನ್ಯವನ್ನು ಹಿಡಿದು ವಿಶೇಷವನ್ನೇ ಅಲ್ಲಗಳೆದರೆ ನಯವು ನಯಾಭಾಸವಾಗುತ್ತದೆ.

ಇದನ್ನು ತಡೆಯುವುದೇ ‘ಸ್ಯಾತ್’ ಪದ. ಅದರ ಅರ್ಥ ‘ಇರಬಹುದೇನೋ’ ಎಂಬ ಸಂಶಯವಲ್ಲ, ‘ಒಂದು ಅಪೇಕ್ಷೆಯಿಂದ’ ಎಂಬ ಖಚಿತತೆ. ಆದ್ದರಿಂದ ಸ್ಯಾದ್ವಾದಿ ಏನನ್ನೂ ಗಟ್ಟಿಯಾಗಿ ಹೇಳಬಾರದೆಂದಿಲ್ಲ. ಎಲ್ಲ ಜೀವಿಗಳಿಗೂ ಬದುಕು ಪ್ರಿಯ ಎಂಬುದನ್ನು ನಾವು ಧೈರ್ಯವಾಗಿಯೇ ಹೇಳುತ್ತೇವೆ.

ಕಲಬುರಗಿ ಜಿಲ್ಲೆಗೆ ಈ ವಿಚಾರ ಹೊಸದಲ್ಲ. ಇಲ್ಲಿಯ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಜಿನಸೇನಾಚಾರ್ಯರನ್ನು ಗೌರವಿಸಿದ ಅಮೋಘವರ್ಷನ ಕಾಲದಲ್ಲಿ, 9ನೇ ಶತಮಾನದಲ್ಲಿ, ರಚನೆಯಾದ ‘ಕವಿರಾಜಮಾರ್ಗ’ವು ಪರರ ವಿಚಾರವನ್ನೂ ಧರ್ಮವನ್ನೂ ಸಹಿಸುವುದೇ ನಿಜವಾದ ಸಂಪತ್ತು ಎನ್ನುತ್ತದೆ.

ಮನೆಯಲ್ಲಿ ಹೇಗೆ?

- ‘ಎಲ್ಲರೂ’ ಎನ್ನುವ ಕಡೆ ‘ನಾನು ಕಂಡ ಇಬ್ಬರು’ ಎನ್ನಿ.
- ‘ನೀನು ಯಾವಾಗಲೂ ತಡ’ ಎನ್ನದೆ ‘ಇವತ್ತು ತಡವಾಯಿತು’ ಎನ್ನಿ. ಇವತ್ತಿನ ತಪ್ಪನ್ನು ಮಗು ತಿದ್ದಿಕೊಳ್ಳಬಲ್ಲದು; ‘ಯಾವಾಗಲೂ’ ಎಂದರೆ ತಿದ್ದಿಕೊಳ್ಳಲು ದಾರಿಯೇ ಉಳಿಯುವುದಿಲ್ಲ.
- ಒಂದು ಸಮುದಾಯದ ಬಗ್ಗೆ ಮಾತು ಬಂದರೆ, ಅವರಲ್ಲೊಬ್ಬರು ಎದುರಿಗೆ ಕುಳಿತಿದ್ದರೂ ಹೀಗೇ ಆಡುತ್ತಿದ್ದೆನೇ ಎಂದು ಕೇಳಿಕೊಳ್ಳಿ.

ಭಾಷಾ ಸಮಿತಿ ಮುನಿಗಳ ನಿಯಮ. ಅದರ ಒಂದು ಅಂಶವನ್ನಾದರೂ ಶ್ರಾವಕರು ಪಾಲಿಸಬಹುದು. ಸಂಜೆಯ ಪ್ರತಿಕ್ರಮಣದಲ್ಲಿ ದಿನದ ದೋಷಗಳನ್ನು ನೆನೆಯುವಾಗ, ಅಂದು ಆಡಿದ ‘ಎಲ್ಲರೂ ಹಾಗೇ’ ಎಂಬ ಮಾತೂ ನೆನಪಿಗೆ ಬರಲಿ.